ಎಣ್ಣೆ ಬಿಟ್ಟು ಚುರುಮರಿ ಹಿಡಿದೆ: ಕಡಲೆ ಹೊಲಕ್ಕೆ ಹಕ್ಕಿ ಬಂದ ಕಥೆ

ಈ ಹಿಂಗಾರಿಗೆ ನನ್ನ ಎಂಟು ಎಕರೆ ಕಡಲೆಗೆ ಅಂಗಡಿ ಎಣ್ಣೆ, ಅಂದರೆ ಹುಳದ ಔಷಧ, ಒಂದು ಹನಿಯೂ ಹೊಡೆದಿಲ್ಲ. ಎಕರೆಗೆ ಹತ್ತಿರ ಹತ್ತಿರ 6 ಕ್ವಿಂಟಲ್ ಬಂತು. ನಮ್ಮದು ಗದಗ ಜಿಲ್ಲೆ ಮುಳಗುಂದ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲ. ಮೂರು ವರ್ಷದ ಹಿಂದೆ, ಎಣ್ಣೆ ಬಿಟ್ಟು ಹಕ್ಕಿಗಳಿಂದಲೇ ಹುಳ ತಿನ್ನಿಸೋಣ ಅನ್ನುವ ವಿಚಾರ ತೆಗೆದಾಗ ಪಕ್ಕದ ಹೊಲದ ಹುಡುಗ, "ಕಾಕಾ, ಹಕ್ಕಿ ನಂಬಿ ಕಡ್ಲಿ ಬೆಳಿಯಾಕ ಆಗತೈತೇನ್ರಿ?" ಅಂದಿದ್ದ. ಈಗ ಅವನೇ ಬಂದು ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಕಡಲೆಗೆ ಬೀಳುವ ಕಾಯಿಕೊರಕ ಹುಳದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ತಲೆ ಕಾಯಿಯೊಳಗೆ, ಮೈ ಹೊರಗೆ. ಒಂದೇ ಹುಳ ಬೆಳೆದು ದೊಡ್ಡದಾಗುವಷ್ಟರಲ್ಲಿ 30-40 ಕಾಯಿ ಖಾಲಿ. ನಾನೂ ಮೂರು ಸಲ ಹೊಡೆಸುತ್ತಿದ್ದೆ. ಎಣ್ಣೆ, ಆಳು, ಪಂಪು ಎಲ್ಲ ಸೇರಿ ಎಕರೆಗೆ 2,500ರ ಮೇಲೆಯೇ ಹೋಗುತ್ತಿತ್ತು. ಎರಡು ಎಣ್ಣೆ ಕೂಡಿಸಿ ಹೊಡೀರಿ ಅಂದರು, ಅದನ್ನೂ ಮಾಡಿದೆ. ನಾಲ್ಕು ದಿನ ಹುಳ ಕಾಣಲಿಲ್ಲ. ಐದನೇ ದಿನ ಮತ್ತೆ ಅದೇ.

ಮನಸ್ಸು ತಿರುಗಿದ್ದು ಒಂದು ಬೆಳಿಗ್ಗೆ. ಹಿಂದಿನ ದಿನ ಎಣ್ಣೆ ಹೊಡೆಸಿದ್ದೆ. ಬದುವಿನ ಮೇಲೆ ಒಂದು ಬೆಳ್ಳಕ್ಕಿ ಬಿದ್ದಿತ್ತು. ಕೊಕ್ಕಿನಲ್ಲಿ ಅರ್ಧ ಹಸಿರು ಹುಳ ಹಾಗೇ ಇತ್ತು. ಕಾಲು ಇನ್ನೂ ಅದುರುತ್ತಿತ್ತು. ಬಾಟಲಿಯಿಂದ ನೀರು ಬಿಟ್ಟೆ, ಕುಡಿಯಲಿಲ್ಲ. ನನ್ನ ಕೆಲಸ ಪುಕ್ಕಟೆ ಮಾಡಿಕೊಡಲು ಬಂದಿದ್ದ ಹಕ್ಕಿಯನ್ನು ನಾನೇ ಕೊಂದಿದ್ದೆ. ಅಲ್ಲೇ ಕೂತು ನೋಡಿದರೆ ಸುತ್ತ ಒಂದು ಗಿಡ ಇಲ್ಲ. ಬದುವಿನ ಬನ್ನಿ, ಬೇವು ಎಲ್ಲ ಟ್ರ್ಯಾಕ್ಟರ್ ತಿರುಗಲಿ ಅಂತ ನಾನೇ ಕಡಿಸಿದ್ದೆನಲ್ಲ. ಹಕ್ಕಿ ಬಂದರೂ ಕೂರುವುದೆಲ್ಲಿ?

ಮೊದಲ ವರ್ಷ ಮೂರು ಎಕರೆಯಲ್ಲಿ ನೋಡಿದೆ. ಪೂರ್ತಿ ಕೆಟ್ಟಿತು. ಹಕ್ಕಿ ಕೂರಲಿ ಅಂತ ತೊಗರಿ ಕಟ್ಟಿಗೆಗೆ ಅಡ್ಡ ಕಟ್ಟಿ ಎಕರೆಗೆ ಹತ್ತು ನೆಟ್ಟೆ, ಅದೂ ಹುಳ ದೊಡ್ಡದಾದ ಮೇಲೆ. ಎತ್ತರ ಮೊಣಕಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಹಕ್ಕಿಯೂ ಕೂರಲಿಲ್ಲ. ಹಕ್ಕಿ ಕರೆಯಲು ಚುರುಮರಿ (ಮಂಡಕ್ಕಿ) ಮಧ್ಯಾಹ್ನ ಚೆಲ್ಲಿದೆ, ಇರುವೆ ಹೊತ್ತುಕೊಂಡು ಹೋದವು. ಎಕರೆಗೆ ಎರಡು ಕ್ವಿಂಟಲೂ ದಾಟಲಿಲ್ಲ. ಏನಿಲ್ಲವೆಂದರೂ 40 ಸಾವಿರ ಲುಕ್ಸಾನು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ.

ಎರಡನೇ ವರ್ಷ ಬಳ್ಳಾರಿ ಜಾಲಿ ಟೊಂಗೆ ಕಡಿಸಿದೆ. ಆಳೆತ್ತರ, ಎಕರೆಗೆ 20. ಬಿತ್ತಿ 25 ದಿನಕ್ಕೇ ನೆಟ್ಟೆ. ಮೂರನೇ ದಿನ ಕಾಜಾಣ ಬಂತು. ಅದರ ಬೇಟೆ ನೋಡಬೇಕು! ಕೋಲಿನ ಮೇಲಿಂದ ಸೀದಾ ಕೆಳಗೆ ಜಾರಿ, ಸಾಲಿನೊಳಗಿಂದ ಹುಳ ಎತ್ತಿ, ಮತ್ತೆ ಅದೇ ಕೋಲಿಗೆ ಬಂದು ಬಡಿದು ನುಂಗುತ್ತದೆ. ಒಂದು ತಾಸಿನಲ್ಲಿ ಒಂದೇ ಹಕ್ಕಿ ಇಪ್ಪತ್ತು ಸಲ ಇಳಿದದ್ದನ್ನು ಎಣಿಸಿದ್ದೇನೆ. ಆದರೆ ಆ ವರ್ಷ ಕೋಲುಗಳನ್ನು ಕಟಾವಿನವರೆಗೂ ಬಿಟ್ಟೆ. ಕಾಯಿ ಬಲಿತ ಮೇಲೆ ಗಿಳಿ ಹಿಂಡು ಅವುಗಳ ಮೇಲೇ ಕೂತು ಕಾಯಿ ಬಿಡಿಸಿದವು. ಈಗ ಕಾಳು ಗಟ್ಟಿಯಾಗುತ್ತಲೇ ಕಿತ್ತುಬಿಡುತ್ತೇನೆ.

ಚುರುಮರಿ ಹೊತ್ತು ಮೂಡುವ ಮುಂಚೆ ಚೆಲ್ಲಬೇಕು. ಐದಾರು ದಿನ ಸಾಕು. ಆಮೇಲೂ ಹಾಕುತ್ತಿದ್ದರೆ ಹಕ್ಕಿ ಅದನ್ನೇ ತಿಂದು ಹೋಗುತ್ತದೆ, ಹುಳ ಹುಡುಕುವುದಿಲ್ಲ. ಚುರುಮರಿಗೆ ನಾನು ಏನು ಹಚ್ಚುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಚುರುಮರಿ, ಕೋಲು, ಆಳು ಸೇರಿ ಎಕರೆಗೆ 700ರೊಳಗೆ ಮುಗಿಯಿತು. ಹೂ ಬಿಡುವಾಗ ಒಮ್ಮೆ ಬೇವಿನ ಬೀಜದ ಕಷಾಯ ಹೊಡೆದೆ, ಅದು ಮನೆಯದೇ.

ಕುಡಿ ಚಿವುಟುವುದನ್ನು ಮಾತ್ರ ಬಿಡಬೇಡಿ. ಹುಳದ ತತ್ತಿ ಹೆಚ್ಚಾಗಿ ಇರುವುದು ಎಳೆ ಕುಡಿಯಲ್ಲೇ. ತಿಂಗಳ ಬೆಳೆಗೆ ಓಣಿಯ ಹೆಣ್ಣುಮಕ್ಕಳನ್ನು ಕರೆದೆ. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹುಳಿ ಕೈಗೆ ಹತ್ತಿ ಬೆರಳು ಚುರುಚುರು ಅನ್ನುತ್ತದೆ. ಆದರೂ ಉಡಿ ತುಂಬ ಸೊಪ್ಪು ಒಯ್ದರು. ಎಣ್ಣೆ ಹೊಡೆದ ಹೊಲದ ಸೊಪ್ಪನ್ನು ಯಾರು ಪಲ್ಯ ಮಾಡುತ್ತಾರೆ, ಹೇಳಿ. ನನಗೆ ಕೂಲಿಯೂ ಉಳಿಯಿತು, ಗಿಡವೂ ಕವಲೊಡೆಯಿತು.

ಬೀಜದ ಜೊತೆ ಎಕರೆಗೆ ಒಂದು ಹಿಡಿ ಬಿಳಿಜೋಳ ಬೆರೆಸಿಯೂ ನೋಡಿದೆ. ಅಲ್ಲಲ್ಲಿ ಎದ್ದ ಜೋಳದ ದಂಟೇ ಹಕ್ಕಿಗೆ ಪೀಠ, ಖರ್ಚಿಲ್ಲ. ಆದರೆ ತೆನೆ ನಮ್ಮ ಕೈಗೆ ಸಿಗುವುದಿಲ್ಲ, ಹಕ್ಕಿಗೇ ಬಿಟ್ಟೆ. ಬ್ಯಾಡಗಿ ಮೆಣಸಿನಕಾಯಿಯಲ್ಲೂ ಕೋಲು ನೆಟ್ಟಿದ್ದೆ. ಅಲ್ಲಿನ ಕಾಟ ಥ್ರಿಪ್ಸ್, ರಸ ಹೀರುವ ಕೀಟ. ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣದು, ಹಕ್ಕಿ ಏನು ಮಾಡೀತು? ಅದನ್ನು ಕೈಬಿಟ್ಟೆ.

ಶಿರಹಟ್ಟಿ ಕಡೆ ಹೋದಾಗೆಲ್ಲ ಮಾಗಡಿ ಕೆರೆ ಹತ್ತಿರ ಗಾಡಿ ನಿಲ್ಲಿಸುತ್ತೇನೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅವು ಇರುವುದು ಕೆರೆಯಲ್ಲಿ, ಮೇಯುವುದು ನಮ್ಮಂಥವರ ಹೊಲದಲ್ಲಿ. ಕೆರೆಯನ್ನಷ್ಟೇ ಕಾದು ಸುತ್ತಲ ಹೊಲಕ್ಕೆಲ್ಲ ವಿಷ ಹೊಡೆದರೆ ಅವು ಬದುಕುವುದು ಹೇಗೆ ಅಂತ ನನಗೆ ಬಹಳ ಸಂಕಟ ಆಗುತ್ತದೆ.

ಮೂಡಣ ದಿಕ್ಕಿನ ಹೊಲದಲ್ಲಿ ಇನ್ನೂ ಹೊಡೆಯುತ್ತಾರೆ. ಗಾಳಿಗೆ ಇತ್ತ ಬರುತ್ತದೆ ಅಂತ ಆ ಅಂಚಿಗೆ ನಾಲ್ಕು ಸಾಲು ಕುಸುಬಿ ಹಾಕಿದ್ದೇನೆ. ಕಡಿದ ಜಾಗದಲ್ಲೇ ಏಳು ಬನ್ನಿ ಸಸಿ ಹಚ್ಚಿದ್ದೆ, ಐದು ಹತ್ತಿವೆ. ಈ ವರ್ಷದ ಕೋಲುಗಳನ್ನು ಕಿತ್ತು ಬಣವೆ ಪಕ್ಕ ಒಟ್ಟಿದ್ದೇನೆ. ಅರ್ಧ ತನಗೆ ಬೇಕು ಅಂತ ಆ ಹುಡುಗ ಆಗಲೇ ಹೇಳಿ ಹೋಗಿದ್ದಾನೆ.