ದುಡ್ಡು ಮಧ್ಯದಲ್ಲಿ ಸಿಕ್ಕಿಕೊಂಡರೆ ಯಾರನ್ನು ಕೇಳೋದು?

ಬೆಂಗಳೂರಿನ ಒಂದು ಹಳೇ ಬಡಾವಣೆಯ ಬ್ಯಾಂಕ್ ಶಾಖೆಯಲ್ಲಿ ನನ್ನ ಕೆಲಸ. ಮೊಬೈಲ್ ಬ್ಯಾಂಕಿಂಗ್ ಬೇಕು ಅಂತ ಬಂದವರಿಗೂ, ಬೇಡವೇ ಬೇಡ ಅನ್ನುವವರಿಗೂ ನಾನೇ ಹೇಳಿಕೊಡಬೇಕು. ಆಪ್ ಸುಲಭ ಅಂತ ಜನ ಒಪ್ಪುವುದಿಲ್ಲ. ದುಡ್ಡು ಸಿಕ್ಕಿಕೊಂಡರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಿದ್ದರೆ ಒಪ್ಪುತ್ತಾರೆ.

2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಬೇರೆ ದಾರಿ ಇಲ್ಲದೆ ಆಪ್ ಹಾಕಿಸಿಕೊಂಡವರು ತುಂಬಾ ಜನ. ಹೊಸ ನೋಟು ಬಂದ ಮೇಲೆ ಎಷ್ಟೋ ಜನ ಅದನ್ನು ಮುಟ್ಟಲೇ ಇಲ್ಲ.

ಗಾಂಧಿ ಬಜಾರಿನಲ್ಲಿ ಹೂವು ಮಾರುವ ಒಬ್ಬ ಅಮ್ಮನಿಗೆ ಸ್ಕ್ಯಾನರ್ ಕೊಡಲು ಹೋದಾಗ ಅವರು ಕೇಳಿದ್ದು ಒಂದೇ: "ಸಾರ್, ಗಿರಾಕಿ ಸ್ಕ್ಯಾನ್ ಮಾಡಿದ್ರೆ ನನ್ ಅಕೌಂಟಿಂದ ದುಡ್ಡು ಹೋಗಲ್ವಾ?" ನಾನು ಭಾಷಣ ಮಾಡಲಿಲ್ಲ. ಒಂದು ಮೊಳ ಮಲ್ಲಿಗೆ ತಗೊಂಡು ಸ್ಕ್ಯಾನ್ ಮಾಡಿದೆ. ಪುಟ್ಟ ಸ್ಪೀಕರ್ ಕನ್ನಡದಲ್ಲೇ ಮೊತ್ತ ಕೂಗಿತು. ಅಷ್ಟಕ್ಕೂ ನಂಬದೆ, ಶಾಖೆಗೆ ಬಂದು ಪಾಸ್‌ಬುಕ್ ಎಂಟ್ರಿ ಹಾಕಿಸಿ, ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಕಷ್ಟಪಟ್ಟ ದುಡ್ಡು, ನೋಡಬೇಕಾದ್ದೇ ಅಲ್ವಾ?

ಸುಮಾರು ದಿನ ಬರೀ ದುಡ್ಡು ತಗೊಳ್ಳೋಕೆ ಬಳಸಿದರು. ಸಿಟಿ ಮಾರ್ಕೆಟ್ಟಿನ ಮಂಡಿಯವರು ಫೋನಲ್ಲೇ ಕಳಿಸಿ ಅಂದಾಗ ಕಳಿಸೋದು ಕಲಿತರು. ಈಗ ನಾನು ಎಲ್ಲರಿಗೂ ಇದೇ ಕ್ರಮದಲ್ಲಿ ಹೇಳಿಕೊಡುತ್ತೇನೆ. ಪಿನ್ ಒತ್ತೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಯಾರಾದರೂ ಪಿನ್ ಹಾಕಿ ಅಂದರೆ ಅದು ಮೋಸ. ಮೋಸ ಆಯ್ತಾ, ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ನಿಯಮವನ್ನೂ ಬಿಡಿಸಿ ಹೇಳುತ್ತೇನೆ. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ್ದು. ಯುಪಿಐನಲ್ಲಿ ದುಡ್ಡು ಕಟ್ ಆಗಿ ಆ ಕಡೆಯವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕ್ಯಾಶ್‌ಬ್ಯಾಕ್ ಆಸೆಗಿಂತ ಈ ಮಾತಿಗೇ ಜನ ಜಾಸ್ತಿ ಕಿವಿ ಕೊಡುತ್ತಾರೆ.

ಹೆಂಗಸರ ವಿಷಯದಲ್ಲಿ ತೊಡಕು ಬೇರೆ. ಖಾತೆ ಅವರದು, ನಂಬರ್ ಮಗನದು. ಎಸ್‌ಎಂಎಸ್ ಅವನಿಗೇ ಹೋಗುತ್ತದೆ, ತಾಯಿಯ ಫೋನಿನಲ್ಲಿ ಆಪ್ ತೆರೆಯುವುದೇ ಇಲ್ಲ. ಚೀಟಿ ದುಡ್ಡು ಎಷ್ಟಿದೆ ಅಂತ ಮನೆಯವರಿಗೆ ತಿಳಿಯೋದು ಬೇಡ ಅನ್ನುವವರೂ ಇದ್ದಾರೆ, ಅದು ಅವರ ಹಕ್ಕು. ಮೊದಲು ನಂಬರ್ ಬದಲಾಯಿಸಿಕೊಡುತ್ತೇನೆ. ಬೇಸಿಕ್ ಫೋನ್ ಇದ್ದರೆ, ಇಂಟರ್ನೆಟ್ ಇಲ್ಲದೆ ಕರೆ ಮಾಡಿಯೇ ದುಡ್ಡು ಕಳಿಸೋಕೆ 2022ರಲ್ಲಿ ಬಂದ ಯುಪಿಐ 123ಪೇ ಇದೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ "ಕ್ಯಾಶ್ ಮಾತ್ರ" ಬೋರ್ಡ್ ಬಿತ್ತು. ನಮ್ಮ ಗ್ರಾಹಕರೂ ಸ್ಕ್ಯಾನರ್ ಕಿತ್ತಿಟ್ಟರು. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗಾದರೆ 20 ಲಕ್ಷ, ಹಾಲು ತರಕಾರಿಗೆ ತೆರಿಗೆಯೇ ಇಲ್ಲ ಅಂತ ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ಮತ್ತೆ ಅಂಟಿಸಿದರು. ಉಳಿದವರು "ಮೊದಲು ಆಡಿಟರ್ ಹತ್ರ ಕೇಳ್ತೀವಿ ಸಾರ್" ಅಂದರು.