22 ಲಕ್ಷದ ಕೊಟೇಶನ್ ವಾಪಸ್ ಕಳಿಸಿದ ಸ್ಲರ್ಮ್ ರಿಪೋರ್ಟ್: ನನ್ನ ಅನುಭವ

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಕ್ಲಸ್ಟರ್, ಅಂದರೆ ಎಲ್ಲರೂ ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳ ಗುಂಪು, ದೊಡ್ಡದೇನಲ್ಲ. ಯಾರ ಕೆಲಸ (ಜಾಬ್) ಯಾವಾಗ, ಯಾವ ಕಂಪ್ಯೂಟರ್‌ನಲ್ಲಿ (ನೋಡ್) ಓಡಬೇಕು ಎಂದು ಸರದಿಗೆ ಹಚ್ಚುವ ಸಾಫ್ಟ್‌ವೇರ್ ಸ್ಲರ್ಮ್. ಹನ್ನೆರಡು ನೋಡ್, ಒಂದೊಂದರಲ್ಲೂ 40 ಕೋರ್, 192 ಜಿಬಿ ಮೆಮರಿ. ಜಿಪಿಯು ಇರುವ ಎರಡು ಡಬ್ಬ ಬೇರೆ. ಹೋದ ವರ್ಷ ಯುಗಾದಿ ಹೊತ್ತಿಗೆ ಕ್ಯೂ ಎಷ್ಟು ಕೆಟ್ಟಿತ್ತು ಅಂದರೆ, ಮೆಕ್ಯಾನಿಕಲ್‌ನ ಪಿಎಚ್‌ಡಿ ಹುಡುಗಿಯೊಬ್ಬಳು ಸೋಮವಾರ ಹಾಕಿದ ಜಾಬ್ ಶುರುವಾಗಿದ್ದು ಶನಿವಾರ. ಮೆಮರಿ ಸಾಲುತ್ತಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿ ಆಗಿತ್ತು. ಎರಡು ದೊಡ್ಡ ನೋಡ್‌ಗೆ ಸುಮಾರು 22 ಲಕ್ಷದ ಕೊಟೇಶನ್ ಪರ್ಚೇಸ್ ಕಮಿಟಿ ಮುಂದೆ ಕೂತಿತ್ತು.

"ಒಂದು ತಿಂಗಳು ಕೊಡಿ ಸರ್. ಯಾರು ಎಷ್ಟು ಕೇಳಿ ಎಷ್ಟು ಬಳಸ್ತಿದ್ದಾರೆ ಅಂತ ರಿಪೋರ್ಟ್ ತೆಗೀತೀನಿ" ಅಂದೆ. "ರಿಪೋರ್ಟ್ ಓದಿ ಯಾರಪ್ಪಾ ಬದಲಾಗ್ತಾರೆ?" ಅಂದರು ನಮ್ಮ ಎಚ್‌ಒಡಿ. ಡ್ಯಾಶ್‌ಬೋರ್ಡ್ ಮಾರುವವರೊಬ್ಬರು ವರ್ಷಕ್ಕೆ ಮೂರು ಲಕ್ಷ ಕೇಳಿ ಹೋಗಿದ್ದರು, ಅದೂ ನನಗೆ ಬೇಡವಾಗಿತ್ತು. ಒಂದು ತಿಂಗಳು ಕೇಳಿದ್ದು ಕೊನೆಗೆ ಐದು ತಿಂಗಳಾಯಿತು.

ಮೊದಲು ತೆಗೆದದ್ದು ಎಸ್‌ರಿಪೋರ್ಟ್ ಎಂಬ ಸ್ಲರ್ಮ್ ಕಮಾಂಡ್‌ನ ಯುಟಿಲೈಸೇಶನ್, ಅಂದರೆ ಒಟ್ಟು ಬಳಕೆಯ ಲೆಕ್ಕ. ಕೋರ್‌ಗಳಲ್ಲಿ ಹಂಚಿಕೆಯಾಗಿದ್ದು ಶೇಕಡಾ 35ರ ಆಸುಪಾಸು, ಉಳಿದದ್ದೆಲ್ಲ ಖಾಲಿ. "ಇಷ್ಟು ಖಾಲಿ ಇದ್ದರೆ ಕ್ಯೂ ಯಾಕ್ರೀ?" ಎಂದು ಕಮಿಟಿ ನನ್ನ ಲೆಕ್ಕವನ್ನೇ ಅನುಮಾನಿಸಿತು. ಲೆಕ್ಕ ಸರಿಯಾಗಿಯೇ ಇತ್ತು. ನಾಲ್ಕು ಕೋರ್, 128 ಜಿಬಿ ಕೇಳಿದ ಒಂದು ಜಾಬ್ ನೋಡ್‌ನಲ್ಲಿ ಕೂತರೆ ಅಲ್ಲಿ ಮಿಕ್ಕಿದ್ದು 64 ಜಿಬಿ. ಅಂಥದ್ದೇ ಇನ್ನೊಂದು ಜಾಬ್ ಅಲ್ಲಿ ಹಿಡಿಸುವುದಿಲ್ಲ. 36 ಕೋರ್ ಸುಮ್ಮನೆ ಬಿಸಿಯಾಗುತ್ತಾ ಕೂರುತ್ತವೆ. ಆದರೆ ಎಸ್‌ರಿಪೋರ್ಟ್ ಕೊಡುವ ಒಟ್ಟು ಮೊತ್ತದಿಂದ ಇದನ್ನು ತೋರಿಸಲಿಕ್ಕಾಗಲ್ಲ, ಒಂದೊಂದು ಜಾಬ್ ಬಿಡಿಸಿ ನೋಡಬೇಕು.

ಹಾಗಾಗಿ ಒಂದೊಂದು ಜಾಬ್‌ನ ವಿವರ ಕೊಡುವ ಸ್ಯಾಕ್ಟ್ ಕಮಾಂಡ್‌ಗೆ ಇಳಿದೆ. ಅಲ್ಲಿ ತಿಂದ ಪೆಟ್ಟು ಇನ್ನೂ ನೆನಪಿದೆ. ಕಾಲಂಗಳ ನಡುವೆ ಪೈಪ್ ಚಿಹ್ನೆ (|) ಹಾಕಿ ಬೇರ್ಪಡಿಸಿದ ಔಟ್‌ಪುಟ್ ತೆಗೆದು, ಸಮಯವನ್ನೂ ಕೋರನ್ನೂ ಗುಣಿಸಿ, ಕೂಡಿಸಿ, ಚೆಂದದ ಚಾರ್ಟ್ ಮಾಡಿ ಮೀಟಿಂಗಿಗೆ ಒಯ್ದೆ. ಸಿವಿಲ್‌ನ ಪ್ರೊಫೆಸರ್ ಒಬ್ಬರು ಪೆನ್ ತೆಗೆದು ಹಾಳೆಯ ಅಂಚಲ್ಲೇ ಗುಣಿಸಿದರು: 480 ಕೋರ್, 24 ಗಂಟೆ, 30 ದಿನ, ಒಟ್ಟು 3,45,600 ಕೋರ್-ಗಂಟೆ. ನನ್ನ ರಿಪೋರ್ಟಿನಲ್ಲಿದ್ದದ್ದು ಮೂರೂಮುಕ್ಕಾಲು ಲಕ್ಷ. ಕ್ಲಸ್ಟರ್‌ನಲ್ಲಿ ಇರುವುದಕ್ಕಿಂತ ಹೆಚ್ಚು ಬಳಕೆ! ಜಾಬ್‌ನ ಸಾಲಿನ ಜೊತೆ ಅದರ ಒಳಭಾಗಗಳಾದ ಬ್ಯಾಚ್ ಸ್ಟೆಪ್, ಎಕ್ಸ್‌ಟರ್ನ್ ಸ್ಟೆಪ್, ಎಲ್ಲವೂ ಸೇರಿ ಒಂದೇ ಜಾಬ್ ಮೂರು ಸಲ ಎಣಿಕೆಯಾಗಿತ್ತು. ಅವತ್ತು ಕಳೆದುಕೊಂಡ ನಂಬಿಕೆ ವಾಪಸ್ ಬರಲು ಎರಡು ತಿಂಗಳು ಹಿಡಿಯಿತು.

ಕಮಾಂಡ್‌ಗೆ ಕ್ಯಾಪಿಟಲ್ ಎಕ್ಸ್ (-X) ಆಪ್ಷನ್ ಹಾಕಿದರೆ ಒಂದು ಜಾಬ್‌ಗೆ ಒಂದೇ ಸಾಲು, ಸರಿ. ಆದರೆ ಆಗ ಬಳಸಿದ ಗರಿಷ್ಠ ಮೆಮರಿ ತೋರಿಸುವ ಮ್ಯಾಕ್ಸ್‌ಆರ್‌ಎಸ್‌ಎಸ್ ಕಾಲಂ ಖಾಲಿ, ಯಾಕೆಂದರೆ ಅದು ಸ್ಟೆಪ್ ಸಾಲುಗಳಲ್ಲಿ ಮಾತ್ರ ಇರುತ್ತದೆ. ಅದಕ್ಕೇ ನಾನು ಎರಡು ಸಲ ತೆಗೆಯುತ್ತೇನೆ. ಕೇಳಿದ್ದು, ಓಡಿದ ಹೊತ್ತು, ಕಾದ ಹೊತ್ತು ಎಕ್ಸ್ ಇರುವ ಔಟ್‌ಪುಟ್‌ನಿಂದ. ಬಳಸಿದ ಮೆಮರಿ ಎಕ್ಸ್ ಇಲ್ಲದ್ದರಿಂದ, ಸ್ಟೆಪ್‌ಗಳಲ್ಲಿ ಅತಿ ಹೆಚ್ಚಿನದು. ಜಾಬ್ ನಂಬರ್ ಹಿಡಿದು ಎರಡನ್ನೂ ಸೇರಿಸುವುದು. ಹಲವು ಟಾಸ್ಕ್‌ಗಳಾಗಿ ಒಟ್ಟಿಗೆ ಓಡುವ ಎಂಪಿಐ ಜಾಬ್‌ಗಳಿಗೆ ಇದು ಸಾಲದು, ಅಲ್ಲಿ ಬರುವುದು ಒಂದು ಟಾಸ್ಕ್‌ನ ಗರಿಷ್ಠ ಅಷ್ಟೇ. ಅದಕ್ಕೆ ನಾನು ಹಾಕುವ ಲೆಕ್ಕ ಬೇರೆ ಇದೆ. ತಿಂಗಳುಗಟ್ಟಲೆ ತಿದ್ದಿ ಕೂರಿಸಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಿಂಗಳ ಗಡಿಯೂ ಕಾಡಿತು. ಹಿಂದಿನ ತಿಂಗಳು 27ಕ್ಕೆ ಶುರುವಾದ ಜಾಬ್‌ನ ಪೂರ್ತಿ ಗಂಟೆಗಳು ಈ ತಿಂಗಳ ಖಾತೆಗೇ ಬಂದು ಬೀಳುತ್ತಿದ್ದವು. ತಿಂಗಳಿನಾಚೆಯ ಗಂಟೆಗಳನ್ನು ಕತ್ತರಿಸುವ ಟ್ರಂಕೇಟ್ ಆಪ್ಷನ್ ಹಾಕಿದ ಮೇಲೆ ತಿಂಗಳ ಒಟ್ಟು ಎಸ್‌ರಿಪೋರ್ಟ್ ಜೊತೆ ಹೆಚ್ಚುಕಡಿಮೆ ತಾಳೆಯಾಯಿತು.

ಇನ್ನೊಂದು ದಿನ ಒಬ್ಬ ವಿದ್ಯಾರ್ಥಿಯ ಸಾಲಿನಲ್ಲಿ ಮಾತ್ರ ಎಲ್ಲ ಅಂಕಿಯೂ ಒಂದು ಮನೆ ಆಚೆ ಸರಿದಿತ್ತು. ಅರ್ಧ ದಿನ ಕೂತು ಹುಡುಕಿದೆ. ಅವನು ಜಾಬ್ ಹೆಸರಿನೊಳಗೇ ಪೈಪ್ ಚಿಹ್ನೆ ಹಾಕಿದ್ದ, ಮೆಶ್ ಸೈಜನ್ನೂ ಕೇಸ್ ನಂಬರನ್ನೂ ಬೇರೆ ಮಾಡಲಿಕ್ಕೆ. ಅಂದಿನಿಂದ ಜಾಬ್ ಹೆಸರು ನನ್ನಲ್ಲಿ ಯಾವಾಗಲೂ ಕೊನೆಯ ಕಾಲಂ. ಮೆಮರಿಯ ಯೂನಿಟ್ ಕೂಡ ಜಿ (ಜಿಬಿ) ಎಂದೇ ಕಟ್ಟಿಹಾಕಿದ್ದೇನೆ. ಇಲ್ಲವಾದರೆ ಕೆ ಒಂದು ಕಡೆ, ಎಂ ಒಂದು ಕಡೆ ಬಂದು ಕೂಡುವ ಲೆಕ್ಕ ಕೆಡುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸ್ಯಾಂಪ್ಲಿಂಗ್. ಮೆಮರಿ ಅಳೆಯುವುದು ನಮ್ಮಲ್ಲಿ 30 ಸೆಕೆಂಡಿಗೊಮ್ಮೆ. ರಿಪೋರ್ಟಿನಲ್ಲಿ ನಾಲ್ಕೇ ಜಿಬಿ ತೋರಿಸಿದ್ದ ಜಾಬ್‌ಗೆ ನನ್ನ ಮಾತು ಕೇಳಿ ಎಂಟು ಕೊಟ್ಟರು, ಅದು ಔಟ್ ಆಫ್ ಮೆಮರಿ ಆಗಿ ಸತ್ತಿತು. ಎರಡು ಅಳತೆಗಳ ನಡುವೆ ಒಂದು ಫೈಲ್ ಪೂರ್ತಿ ಮೆಮರಿಗೆ ಏರಿ ಇಳಿದಿತ್ತು. ಹುಡುಗನ ಎರಡು ದಿನದ ಕೆಲಸ ಹೋಯಿತು, ನಾನೇ ಹೋಗಿ ಕ್ಷಮೆ ಕೇಳಿದೆ. ಈಗ ಒಂದು ಜಾಬ್ ನೋಡಿ ಸಲಹೆ ಕೊಡುವುದಿಲ್ಲ. ಅದೇ ಬಗೆಯ ಹಿಂದಿನ ಹತ್ತು ಜಾಬ್ ನೋಡಿ, ಅದರ ಮೇಲೊಂದಿಷ್ಟು ಸೇರಿಸುತ್ತೇನೆ. ಆ ಒಂದಿಷ್ಟು ಎಷ್ಟು ಎನ್ನುವುದು ಸಾಫ್ಟ್‌ವೇರ್ ಮೇಲೆ ಹೋಗುತ್ತದೆ, ನಿಮ್ಮಲ್ಲಿ ನೀವೇ ಕಂಡುಕೊಳ್ಳಬೇಕು.

ಅಂಕಿ ಸರಿಯಾದ ಮೇಲೂ ಯಾರೂ ಬದಲಾಗಲಿಲ್ಲ. ಎಚ್‌ಒಡಿ ಹೇಳಿದ್ದು ನಿಜವಾದಂತೆ ಕಂಡು ಒಂದು ವಾರ ಬೇಜಾರಿನಲ್ಲಿದ್ದೆ. ನನ್ನ ಶೀಟಿನಲ್ಲಿ ಹತ್ತೊಂಬತ್ತು ಕಾಲಂ ಇದ್ದವು. ಪ್ರತಿ ಜಾಬ್ ಮುಗಿದಾಗ ಅದರ ಬಳಕೆಯ ಸಾರಾಂಶ ಕೊಡುವ ಸೆಫ್ ಔಟ್‌ಪುಟ್ ಸೇರಿಸಿ ಮೇಲ್ ಕಳಿಸಿ ನೋಡಿದೆ, ಎಲ್ಲರೂ ಅದನ್ನು ಬೇರೆ ಫೋಲ್ಡರಿಗೆ ತಳ್ಳಿದರು. ಆಮೇಲೆ ಎಲ್ಲ ಕಿತ್ತು ಹಾಕಿ, ಶುಕ್ರವಾರ ಮಧ್ಯಾಹ್ನ ಒಬ್ಬರಿಗೆ ಒಂದೇ ಮೇಲ್, ಅದರಲ್ಲಿ ಅವರ ಲೆಕ್ಕ ಮಾತ್ರ, ಅದೂ ಕನ್ನಡದಲ್ಲಿ: "ಈ ವಾರ ನೀವು 128 ಜಿಬಿ ಕೇಳಿ 9 ಜಿಬಿ ಬಳಸಿದ್ದೀರಿ. 52 ಗಂಟೆ ಕಾದಿದ್ದೀರಿ. ಮುಂದಿನ ಸಲ 16 ಕೇಳಿ." ಹೊರ ರಾಜ್ಯದವರಿಗೆ ಇಂಗ್ಲಿಷ್. ಕಾದ ಗಂಟೆಯನ್ನು ಕೇಳಿದ ಮೆಮರಿಯ ಪಕ್ಕದಲ್ಲೇ ಇಟ್ಟಿದ್ದು ಕೆಲಸ ಮಾಡಿತು. ಮೂರನೇ ಶುಕ್ರವಾರದ ಹೊತ್ತಿಗೆ ಹುಡುಗರು ಸ್ಕ್ರಿಪ್ಟ್ ಹಿಡಿದು ನನ್ನ ರೂಮಿಗೇ ಬಂದರು. 128 ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: "ಸೀನಿಯರ್ ಕೊಟ್ಟ ಸ್ಕ್ರಿಪ್ಟ್ ಸರ್."

ಸಮಯದ ಮಿತಿಯದೂ ಅದೇ ಕಥೆ. ಏಳು ದಿನದ ಮಿತಿ ಇದೆಯೆಂದು ಎಲ್ಲರೂ ಏಳು ದಿನ ಕೇಳುತ್ತಿದ್ದರು, ಅರ್ಧಕ್ಕರ್ಧ ಜಾಬ್ ಐದಾರು ಗಂಟೆಯಲ್ಲಿ ಮುಗಿಯುತ್ತಿದ್ದವು. ಮೇಲ್‌ಗೆ ಅದನ್ನೂ ಒಂದು ವಾಕ್ಯ ಸೇರಿಸಿದೆ. ಎಂಟು ಗಂಟೆ ಎಂದು ಕೇಳಿದ ಜಾಬನ್ನು ಸ್ಲರ್ಮ್‌ನ ಬ್ಯಾಕ್‌ಫಿಲ್ ದೊಡ್ಡ ಜಾಬ್‌ಗಳ ನಡುವಿನ ಖಾಲಿ ಸಂದಿಯಲ್ಲಿ ತೂರಿಸುತ್ತದೆ, ಏಳು ದಿನದ್ದನ್ನು ತೂರಿಸಲಾಗದು.

ದಸರಾ ಹೊತ್ತಿಗೆ ಸರಾಸರಿ ಕಾಯುವಿಕೆ ಎರಡೂವರೆ ದಿನದಿಂದ ಐದಾರು ಗಂಟೆಗೆ ಇಳಿಯಿತು. ಕೊಟೇಶನ್ ಫೈಲ್ ವಾಪಸ್ ಹೋಯಿತು. ಆ ದುಡ್ಡಿನಲ್ಲಿ ನಾಲ್ಕೂವರೆ ಲಕ್ಷದಷ್ಟು ಯುಪಿಎಸ್ ಬ್ಯಾಟರಿಗೂ ಎಸಿಗೂ ಹೋಗಿದೆ, ಅವು ನಿಜಕ್ಕೂ ಬೇಕಿದ್ದವು. ನನ್ನ ಖರ್ಚು ಒಂದು 4 ಟಿಬಿ ಡಿಸ್ಕ್, ಒಂಬತ್ತು ಸಾವಿರದ ಹತ್ತಿರ. ಡೇಟಾಬೇಸ್ ಆರು ತಿಂಗಳಿಗೆ ಹಳೆಯ ಜಾಬ್‌ಗಳನ್ನು ಅಳಿಸುವಂತೆ ಯಾರೋ ಇಟ್ಟಿದ್ದರು, ಅದನ್ನು ಬದಲಿಸಿ ಎಲ್ಲವನ್ನೂ ಉಳಿಸಿಕೊಂಡೆ. ಇದೇ ಎಚ್‌ಒಡಿ ಈಗ ನ್ಯಾಕ್ ಫೈಲಿಗೆ ನನ್ನ ರಿಪೋರ್ಟೇ ಕೇಳುತ್ತಾರೆ.

ಮಧ್ಯದಲ್ಲಿ, ಖಾಲಿ ನೋಡ್ ತಾನೇ ಆಫ್ ಆಗುವಂತೆ ಸಸ್ಪೆಂಡ್ ಟೈಮ್ ಹಾಕಿ ಕರೆಂಟ್ ಉಳಿಸಲು ನೋಡಿದೆ. ಹನ್ನೆರಡರಲ್ಲಿ ಎರಡು ನೋಡ್ ಎದ್ದೇಳಲೇ ಇಲ್ಲ, ರಾತ್ರಿ ಹನ್ನೊಂದಕ್ಕೆ ಬೈಕ್ ಹತ್ತಿ ಬಂದು ಬಟನ್ ಒತ್ತಬೇಕಾಯಿತು. ಅದನ್ನು ಅಲ್ಲಿಗೇ ಬಿಟ್ಟೆ.

ಈಗ ಕೈಯಲ್ಲಿರುವುದು ಜಿಪಿಯು. ನಮ್ಮ ಸೆಟಪ್‌ನಲ್ಲಿ ಸ್ಯಾಕ್ಟ್ ಯಾರಿಗೆ ಜಿಪಿಯು ಕೊಟ್ಟಿದೆ ಎಂದು ಹೇಳುತ್ತದೆ, ಅದು ಕೆಲಸ ಮಾಡಿತೇ ಎಂದು ಹೇಳುವುದಿಲ್ಲ. ಜಿಪಿಯು ಬಳಕೆ ತೋರಿಸುವ ಎನ್ವಿಡಿಯಾ-ಎಸ್‌ಎಂಐ ಕಮಾಂಡನ್ನು ನಿಮಿಷಕ್ಕೊಮ್ಮೆ ಓದಿ ಬರೆದಿಡುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿದ್ದೇನೆ. ಒಂದು ಜುಪಿಟರ್ ನೋಟ್‌ಬುಕ್ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಜಿಪಿಯು ಹಿಡಿದು ಕೂತಿತ್ತು, ಅಷ್ಟೂ ಹೊತ್ತು ಬಳಕೆ ಸೊನ್ನೆ. ಆ ಸಾಲು ಸೇರಿಸಿದ ಮೊದಲ ಮೇಲ್ ಹೋದ ವಾರ ಹೋಯಿತು. ಅವತ್ತು ಸಂಜೆಯೊಳಗೆ ಮೂರು ನೋಟ್‌ಬುಕ್ ಮುಚ್ಚಿದವು.