ಮಲೆನಾಡಿನ ಮಳೆಗಾಲ ಮತ್ತು ಮೆಡಿಕಲ್ ಶಾಪಿನ ರ‍್ಯಾಕು

ಬಹಳಷ್ಟು ಔಷಧಿ ಡಬ್ಬಿಗಳ ಮೇಲೆ '30 ಡಿಗ್ರಿಗಿಂತ ಕೆಳಗೆ, ಒಣ ಜಾಗದಲ್ಲಿಡಿ' ಎಂದಿರುತ್ತದೆ. ಬಯಲುಸೀಮೆಯವರಿಗೆ ಮೊದಲಿನದು ಕಷ್ಟ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಎರಡನೆಯದು. ಆರಿದ್ರಾ ಮಳೆ ಹಿಡಿದರೆ ಇಲ್ಲಿ ಗೋಡೆಯೇ ಬೆವರುತ್ತದೆ.

ಹಾಗಾಗಿ ಮಳೆಗೆ ಮುಂಚೆಯೇ ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ. ಸಲೈನ್ ಪೆಟ್ಟಿಗೆಯಾದರೂ ಸರಿ, ನೆಲದ ಮೇಲೆ ಬೇಡ, ಮರದ ಹಲಗೆ ಹಾಕಿ. ಒಂದು ಹೈಗ್ರೋಮೀಟರ್ ತೂಗುಹಾಕಿ, ತೇವಾಂಶ ಶೇ. 60 ದಾಟಿದರೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಾಕಿ, ಇಲ್ಲವೇ ಎಸಿಯನ್ನು ಡ್ರೈ ಮೋಡಿನಲ್ಲಿ ಓಡಿಸಿ. 'ಗಾಳಿಯಾಡಲಿ' ಎಂದು ಕಿಟಕಿ ತೆರೆದರೆ ಹೊರಗಿನ ಥಂಡಿಯೆಲ್ಲ ಒಳಗೇ ಬರುತ್ತದೆ.

ತೇವ ಮೊದಲು ಯಾವುದನ್ನು ಹಿಡಿಯುತ್ತದೆ? ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲವಾಗುತ್ತದೆ. ವಿನೆಗರ್‌ನಲ್ಲಿರುವುದೂ ಈ ಅಸಿಟಿಕ್ ಆಮ್ಲವೇ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ಮಾಲು ಮುಗಿಯಿತು. ಕ್ಯಾಪ್ಸೂಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ಕೆಲವು ಮಾತ್ರೆಗಳಲ್ಲಿ ಸೇರಿಸಿರುವ ಕ್ಲಾವುಲನೇಟ್ ತೇವಕ್ಕೆ ಬಲು ಬೇಗ ಕೆಡುವುದರಿಂದ ಅದರ ಫಾಯಿಲ್ ಚೀಲವನ್ನು ಗಿರಾಕಿ ಬಂದಾಗಲೇ ಒಡೆಯಿರಿ. ಬಾಟಲಿಯ ಮಾತ್ರೆಗಳ ಜೊತೆಗಿನ ತೇವ ಹೀರುವ ಸಿಲಿಕಾ ಪೊಟ್ಟಣವನ್ನು ಕಸವೆಂದು ಎಸೆಯಬೇಡಿ. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಮಿಕ್ಕ ನಾಲ್ಕು ಮಾತ್ರೆಗೆ ತಾರೀಖೇ ಇರುವುದಿಲ್ಲ. ಹೊಸ ಮಾಲು ಹಿಂದೆ ಎಂಬ ರೂಢಿಯೂ ಸಾಲದು, ಬೇಗ ಎಕ್ಸ್‌ಪೈರಿ ಆಗುವುದು ಮುಂದಿರಬೇಕು. ಅವಧಿ ಮುಗಿದದ್ದಕ್ಕೆ 'ಮಾರಾಟಕ್ಕಲ್ಲ' ಎಂದು ಬರೆದ ಬೇರೆ ಡಬ್ಬಿ.

ಫ್ರಿಜ್ಜಿನ ವಿಷಯದಲ್ಲಿ ಎಲ್ಲರೂ ಕರೆಂಟು ಹೋಗುವುದಕ್ಕೆ ಹೆದರುತ್ತಾರೆ. ಇನ್ಸುಲಿನ್‌ಗೆ ಅದಕ್ಕಿಂತ ದೊಡ್ಡ ಶತ್ರು ಹೆಪ್ಪುಗಟ್ಟುವುದು. ಇರಬೇಕಾದದ್ದು 2ರಿಂದ 8 ಡಿಗ್ರಿ. ಹಿಂಬದಿಯ ತಣ್ಣನೆ ಗೋಡೆಗೆ, ಫ್ರೀಜರಿನ ಅಡಿಗೆ ತಾಗಿಸಿಟ್ಟ ವಯಲ್ (ಇನ್ಸುಲಿನ್ ಶೀಶೆ) ಒಮ್ಮೆ ಗಟ್ಟಿಯಾದರೆ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು, ಕೆಲಸ ಮಾತ್ರ ನೆಚ್ಚುವಂತಿಲ್ಲ. ಬಾಗಿಲ ಅರೆಯಲ್ಲೂ ಇಡಬೇಡಿ. ತೆರೆದಾಗಲೆಲ್ಲ ಅಲ್ಲಿ ಬಿಸಿ ಏರುತ್ತದೆ. ನಡುವಿನ ತಟ್ಟೆಯೇ ಸರಿ. ತರಕಾರಿ ಟ್ರೇಯಲ್ಲಿ ನೀರಿನ ಬಾಟಲಿ ತುಂಬಿಸಿಟ್ಟರೆ ಕರೆಂಟು ಹೋದಾಗ ತಂಪು ನಿಧಾನಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಗಿಲು ಮುಟ್ಟಬೇಡಿ. ಕನಿಷ್ಠ-ಗರಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರಿಟ್ಟು ಬೆಳಿಗ್ಗೆ, ಸಂಜೆ ಪುಸ್ತಕದಲ್ಲಿ ಬರೆಯಿರಿ. ರಾತ್ರಿ ನಡೆದದ್ದನ್ನು ಹೇಳುವುದು ಅದೊಂದೇ. ನಿಮ್ಮ ಊಟದ ಡಬ್ಬಿಗೆ ಬೇರೆ ಫ್ರಿಜ್ಜು ನೋಡಿಕೊಳ್ಳಿ.

ಘಟ್ಟದ ಬಸ್ಸು ಹತ್ತುವವರಿಗೆ ಇನ್ಸುಲಿನ್ ಕೊಡುವಾಗ ಐಸ್ ಪ್ಯಾಕನ್ನು ಪೇಪರಿನಲ್ಲಿ ಸುತ್ತಿ ಕೊಡಿ, ನೇರವಾಗಿ ತಾಗಕೂಡದು. ಮನೆಯಲ್ಲಿ ಒಲೆಯ ಮೇಲಿನ ಅಟ್ಟ, ಬಚ್ಚಲು ಎರಡೂ ಬೇಡವೆನ್ನಿ. ಬಳಕೆಗೆ ತೆರೆದ ಇನ್ಸುಲಿನ್‌ನಲ್ಲಿ ಹೆಚ್ಚಿನವು ಫ್ರಿಜ್ಜಿನ ಹೊರಗೂ ಸುಮಾರು 4 ವಾರ ಇರುತ್ತವೆ. ಖಚಿತ ದಿನ ಪ್ಯಾಕಿನೊಳಗಿನ ಚೀಟಿಯಲ್ಲಿರುತ್ತದೆ. ತೆರೆದ ತಾರೀಖನ್ನು ಲೇಬಲ್ ಮೇಲೆ ಬರೆದುಕೊಳ್ಳಲು ಹೇಳಿ.